ಅಣ್ಣತನದ ಸಾಹಿತ್ಯಧರ್ಮ: ಮಾಸ್ತಿಯವರ ಹಿರಿತನ ಮತ್ತು 'ಚಿಕವೀರ ರಾಜೇಂದ್ರ'

೧

ಹೊಸಗನ್ನಡ ಸಾಹಿತ್ಯದ ಮೊದಲ ದಶಕಗಳನ್ನು ಕುರಿತು ಬರೆಯುವವರು ಒಂದು ವಿಷಯವನ್ನು ಮತ್ತೆ ಮತ್ತೆ ಹೇಳಿದ್ದಾರೆ: ಆ ಕಾಲದ ಹಿರಿಯರು ತಾವು ಬರೆದುದರ ಜೊತೆಗೆ ಇತರರಿಂದಲೂ ಬರೆಯಿಸಿದರು. ಬಿ. ಎಂ. ಶ್ರೀಕಂಠಯ್ಯನವರ ಹೆಸರನ್ನೂ ಟಿ. ಎಸ್. ವೆಂಕಣ್ಣಯ್ಯನವರ ಹೆಸರನ್ನೂ ಈ ಸಂದರ್ಭದಲ್ಲಿ ನಾವು ಸಹಜವಾಗಿಯೇ ನೆನೆಯುತ್ತೇವೆ. ಆದರೆ ಅವರಿಬ್ಬರೂ ಅಧ್ಯಾಪಕರು. ಅವರ ಎದುರಿಗೆ ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳು ಬಂದು ಕುಳಿತುಕೊಳ್ಳುತ್ತಿದ್ದರು. ಕಿರಿಯರನ್ನು ಬೆಳೆಯಿಸುವುದು ಅವರ ವೃತ್ತಿಯ ಭಾಗವಾಗಿತ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಸ್ಥಿತಿ ಬೇರೆ. ಅವರಿಗೆ ತರಗತಿ ಇರಲಿಲ್ಲ, ಪೀಠ ಇರಲಿಲ್ಲ. ಅವರು ಮೈಸೂರು ಸರ್ಕಾರದ ಅಧಿಕಾರಿಗಳು, ಮೇಲಾಗಿ ಕಥೆಗಾರರು. ಹೀಗಿದ್ದೂ ಎರಡು ತಲೆಮಾರಿನ ಬರಹಗಾರರು ಅವರನ್ನು ತಮ್ಮ ಹಿರಿಯರೆಂದು ಒಪ್ಪಿದರು.

ಈ ಬಗೆಯ ಹಿರಿತನಕ್ಕೂ ಸಾಹಿತಿಯ ಸ್ವಂತ ಕೃತಿಗೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಅಷ್ಟಾಗಿ ಕೇಳಿಕೊಂಡಿಲ್ಲ. ಸಾಮಾನ್ಯವಾಗಿ ಇದನ್ನು ಲೆಕ್ಕಾಚಾರದ ವಿಷಯವೆಂದು ತಿಳಿಯುವುದುಂಟು: ಇತರರ ಹಸ್ತಪ್ರತಿಗೆ ಕೊಟ್ಟ ವೇಳೆಯಷ್ಟೂ ಸ್ವಂತ ಬರಹಕ್ಕೆ ನಷ್ಟ, ಆದುದರಿಂದ ಅದು ತ್ಯಾಗ, ತ್ಯಾಗವಾದುದರಿಂದ ಸ್ತುತ್ಯ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಇದು ಸಾಹಿತಿಯ ಗುಣವನ್ನು ಹೊಗಳಿ ಅವನ ಕೃತಿಯನ್ನು ಮುಟ್ಟದೆ ಬಿಡುತ್ತದೆ. ಮಾಸ್ತಿಯವರಲ್ಲಿ ಈ ಎರಡು ಕೆಲಸಗಳ ಹಿಂದೆ ಇರುವುದು ಒಂದೇ ಮನೋಧರ್ಮ ಎಂದು ನಮಗೆ ತೋರುತ್ತದೆ. ಕೊಡಗಿನ ಕೊನೆಯ ರಾಜನನ್ನು ಕುರಿತ 'ಚಿಕವೀರ ರಾಜೇಂದ್ರ' (೧೯೫೬) ಈ ಮನೋಧರ್ಮವನ್ನು ಅತ್ಯಂತ ಕಠಿನವಾದ ಪರೀಕ್ಷೆಗೆ ಒಡ್ಡಿದ ಕೃತಿ. ಆ ಪರೀಕ್ಷೆಯಲ್ಲಿ ಅದರ ಬಲವೂ ಮಿತಿಯೂ ಕಾಣುತ್ತವೆ. ಇಷ್ಟನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಮಾಸ್ತಿಯವರ ಕೆಲಸದ ಬದುಕಿನ ರೂಪುರೇಖೆ ಎಲ್ಲರಿಗೂ ತಿಳಿದುದೇ. ೧೮೯೧ರಲ್ಲಿ ಕೋಲಾರ ಜಿಲ್ಲೆಯ ಹೊಂಗೇನಹಳ್ಳಿಯಲ್ಲಿ ಜನನ. ಮದರಾಸಿನಲ್ಲಿ ಇಂಗ್ಲಿಷ್ ಎಂ. ಎ.; ೧೯೧೪ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪ್ರವೇಶ; ಸುಮಾರು ಮೂವತ್ತು ವರ್ಷಗಳ ನೌಕರಿ; ೧೯೪೩ರಲ್ಲಿ ಅದರಿಂದ ಬಿಡುಗಡೆ. ೧೯೨೦ರಲ್ಲಿ 'ಕೆಲವು ಸಣ್ಣ ಕಥೆಗಳು' ಪ್ರಕಟವಾಯಿತು. ೧೯೨೯ರಲ್ಲಿ, ಅವರಿಗಿನ್ನೂ ನಲವತ್ತು ತುಂಬುವ ಮೊದಲೇ, ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು.

ಈ ಅಧಿಕಾರಿಯ ಬದುಕು ಕಥೆಗಾರನಿಗೆ ಕೊಟ್ಟ ದೊಡ್ಡ ಶಿಕ್ಷಣವೆಂದರೆ ಕೇಳುವ ಶಿಕ್ಷಣ. ತಾಲ್ಲೂಕು ಜಿಲ್ಲೆಗಳಲ್ಲಿ ಸಂಚಾರ ಮಾಡುವ ಅಧಿಕಾರಿಯ ಮುಂದೆ ಜನ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಒಬ್ಬನ ಮಾತಿಗೆ ಇನ್ನೊಬ್ಬನ ಎದುರುಮಾತು ಇರುತ್ತದೆ. ಇಬ್ಬರ ಮಾತೂ ಮುಗಿಯುವ ತನಕ ತಾಳ್ಮೆಯಿಂದಿರುವುದು ಕರ್ತವ್ಯ. ಮಾಸ್ತಿಯವರ ಕಥೆಗಳ ರಚನೆಯನ್ನು ನೋಡಿದರೆ ಈ ಅಭ್ಯಾಸದ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಅವರ ನೂರಕ್ಕೆ ಮಿಕ್ಕಿದ ಕಥೆಗಳಲ್ಲಿ ಹಲವು, ಒಬ್ಬರು ಹೇಳಿದುದನ್ನು ಇನ್ನೊಬ್ಬರು ಕೇಳಿ ನಮಗೆ ತಿಳಿಸಿದ ಕಥೆಗಳು. 'ಮೊಸರಿನ ಮಂಗಮ್ಮ'ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ಬರುವ ಮಂಗಮ್ಮ, ಸೊಸೆಯೊಡನೆ ಬಂದ ಜಗಳವನ್ನೂ ಮೊಮ್ಮಗನ ಮೇಲಿನ ಮೋಹವನ್ನೂ ವಾಡಿಕೆಯ ಮನೆಯ ಗೃಹಿಣಿಯೊಡನೆ ಹೇಳಿಕೊಳ್ಳುತ್ತಾಳೆ. ಆ ಗೃಹಿಣಿ ಅವಳಿಗೆ ದೊಡ್ಡ ಉಪದೇಶವನ್ನೇನೂ ಮಾಡುವುದಿಲ್ಲ. ಅವಳು ಕೇಳುತ್ತಾಳೆ, ನಡುನಡುವೆ ಒಂದೆರಡು ಮಾತು ಆಡುತ್ತಾಳೆ. ಕೇಳುವವರೊಬ್ಬರು ಇದ್ದುದರಿಂದ ಮಂಗಮ್ಮನಿಗೆ ತನ್ನ ಮನಸ್ಸು ತನಗೇ ತಿಳಿಯುತ್ತದೆ.

ಕಿರಿಯ ಲೇಖಕನ ವಿಷಯದಲ್ಲಿ ಹಿರಿಯ ಲೇಖಕನು ಮಾಡಬಹುದಾದ ಕೆಲಸವೂ ಇಷ್ಟೇ, ಇದಕ್ಕಿಂತ ಹೆಚ್ಚಲ್ಲ ಎಂಬುದು ಮಾಸ್ತಿಯವರ ನಡತೆಯಿಂದ ನಾವು ತಿಳಿಯಬಹುದಾದ ತತ್ತ್ವ. ಧಾರವಾಡದಲ್ಲಿ ಹುಟ್ಟಿದ 'ಜೀವನ' ಮಾಸಪತ್ರಿಕೆಯನ್ನು ಅವರು ೧೯೪೪ರಲ್ಲಿ ವಹಿಸಿಕೊಂಡು ೧೯೬೫ರವರೆಗೆ ನಡೆಸಿದರು. ನೌಕರಿಯಿಂದ ಬಿಡುವಾದ ಮನುಷ್ಯ ಉಳಿದ ವೇಳೆಯನ್ನೆಲ್ಲ ಸ್ವಂತ ಬರಹಕ್ಕೆ ಇಟ್ಟುಕೊಳ್ಳಬಹುದಾಗಿತ್ತು. ಅವರು ಬೇರೆಯವರ ಲೇಖನಗಳನ್ನು ಓದುವ, ತಿದ್ದುವ, ಅಚ್ಚಿಗೆ ಕಳುಹಿಸುವ ಕೆಲಸವನ್ನು ಇಪ್ಪತ್ತು ವರ್ಷ ಹೊತ್ತರು. 'ಚೆನ್ನಬಸವನಾಯಕ', 'ಚಿಕವೀರ ರಾಜೇಂದ್ರ' ಎಂಬ ಅವರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳೂ ಹೊರಬಂದುದು ಈ ಇಪ್ಪತ್ತು ವರ್ಷಗಳಲ್ಲಿಯೇ. ಇತರರಿಗೆ ಕೊಟ್ಟ ವೇಳೆ ತನಗೆ ನಷ್ಟ ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

೩

ಮಾಸ್ತಿಯವರ ಹಿರಿತನದ ಸ್ವರೂಪವನ್ನು ತಿಳಿಯಲು ಆ ಕಾಲದ ಸಾಹಿತಿಗಳು ಒಬ್ಬರನ್ನೊಬ್ಬರು ಕರೆದ ರೀತಿಯನ್ನು ಗಮನಿಸಬೇಕು. ನಮ್ಮ ಪರಂಪರೆಯಲ್ಲಿ ವಿದ್ಯೆಯ ಸಂಬಂಧಕ್ಕೆ ಸಿದ್ಧವಾದ ಮಾತು ಗುರು, ಶಿಷ್ಯ ಎಂಬುದು. ಆದರೆ ದ. ರಾ. ಬೇಂದ್ರೆಯವರು ಮಾಸ್ತಿಯವರನ್ನು ಅಣ್ಣನೆಂದು ಭಾವಿಸಿದರು, ಗುರುವೆಂದಲ್ಲ. ಅವರು ಧಾರವಾಡದಲ್ಲಿ ಕಟ್ಟಿದ ಕೂಟದ ಹೆಸರೂ 'ಗೆಳೆಯರ ಗುಂಪು'. ಅದೇ ಬೇಂದ್ರೆಯವರು ಕೊಡಗಿನ ಕಥೆಗಾರ್ತಿ ಗೌರಮ್ಮನವರನ್ನು ತಂಗಿಯೆಂದು ಕರೆದರು. ಅವರನ್ನು ಕುರಿತ ಕವನಕ್ಕೆ ಇಟ್ಟ ಹೆಸರು 'ತಂಗಿ ಗೌರಮ್ಮ'.

ಈ ಪದಗಳು ಬರಿಯ ಸಲಿಗೆಯ ಮಾತುಗಳಲ್ಲ. ಗುರುವಿನ ಮಾತಿಗೆ ಆಜ್ಞೆಯ ಬಲವುಂಟು. ಅವನ ಪಂಥವನ್ನು ಶಿಷ್ಯ ಮುಂದುವರಿಸಬೇಕು. ಅಣ್ಣನ ಮಾತಿಗೆ ಸಲಹೆಯ ಬಲ ಮಾತ್ರ. ತಮ್ಮನು ಅದನ್ನು ಕೇಳಬಹುದು, ಕೇಳದಿರಬಹುದು. ಕೇಳದೆ ಹೋದರೂ ಅಣ್ಣ ಅಣ್ಣನೇ. ಅಣ್ಣನು ತಮ್ಮನಿಗಿಂತ ಮೊದಲು ಹುಟ್ಟಿದವನು, ಅಷ್ಟೇ. ತಾಯಿ ಇಬ್ಬರಿಗೂ ಒಬ್ಬಳೇ. ಕನ್ನಡವನ್ನು ಆ ತಾಯಿಯೆಂದು ತಿಳಿದ ಒಂದು ತಲೆಮಾರು ತನ್ನೊಳಗಿನ ಹಿರಿಕಿರಿತನವನ್ನು ಹೀಗೆ ಏರ್ಪಡಿಸಿಕೊಂಡಿತು.

ಇದರ ಫಲವೇನಾಯಿತೆಂಬುದನ್ನು ಕೃತಿಗಳೇ ಹೇಳುತ್ತವೆ. ಎಂ. ಎ. ಮುಗಿಸಿ ಉದ್ಯೋಗ ದೊರೆಯದೆ ಇದ್ದ ಜಿ. ಪಿ. ರಾಜರತ್ನಂ ಅವರಿಗೆ ಕನ್ನಡದ ಕೆಲಸವನ್ನೇ ಬಾಳಿನ ಕೆಲಸವಾಗಿ ಹಿಡಿಯುವಂತೆ ಧೈರ್ಯ ಹೇಳಿದವರು ಮಾಸ್ತಿ. ಆದರೆ 'ರತ್ನನ ಪದಗಳು' ಮಾಸ್ತಿಯವರ ಬರವಣಿಗೆಯನ್ನು ಯಾವ ವಿಧದಲ್ಲೂ ಹೋಲುವುದಿಲ್ಲ. ಕುಡುಕನ ಬಾಯಿಯ ಆಡುಮಾತೆಲ್ಲಿ, 'ಶ್ರೀನಿವಾಸ'ರ ಶಾಂತವಾದ ಗದ್ಯವೆಲ್ಲಿ! ಬೇಂದ್ರೆಯವರ ನಾದಲೋಲವಾದ ಕಾವ್ಯಕ್ಕೂ ಮಾಸ್ತಿಯವರ ಸರಳವಾದ ಪದ್ಯಕ್ಕೂ ಅಷ್ಟೇ ದೂರ. ಮಾಸ್ತಿಯವರ ಬಳಿ ಬೆಳೆದವರಲ್ಲಿ ಮಾಸ್ತಿಯವರ ಅನುಕರಣಕಾರರು ಇಲ್ಲವೆಂಬುದೇ ಅವರ ಹಿರಿತನದ ಮುಖ್ಯವಾದ ಸಾಕ್ಷಿ. ರಾಜರತ್ನಂ ಅವರು ಮುಂದೆ ತಾವೇ ಅಧ್ಯಾಪಕರಾಗಿ, ಕಾಲೇಜಿನ ಕರ್ಣಾಟಕ ಸಂಘಗಳ ಮೂಲಕ ವಿದ್ಯಾರ್ಥಿಗಳ ಬರಹಗಳನ್ನು ಬೆಳಕಿಗೆ ತಂದರು. ಪಡೆದ ಸಹಾಯವನ್ನು ಕೊಟ್ಟವರಿಗೆ ಹಿಂದಿರುಗಿಸದೆ ಮುಂದಿನವರಿಗೆ ಕೊಡುವುದು ಈ ಸಂಬಂಧದ ರೀತಿ.

ಕೊಡಗಿನ ಗೌರಮ್ಮನವರ ಬಾಳು ಇದೇ ಸಂಬಂಧದ ಅಗತ್ಯವನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. ೧೯೧೨ರಲ್ಲಿ ಹುಟ್ಟಿದ ಅವರು ಸುಂಟಿಕೊಪ್ಪದ ಕಡೆಯ ಕಾಫಿ ತೋಟದಲ್ಲಿದ್ದುಕೊಂಡು ಕಥೆ ಬರೆದರು. ಆಗ ಕೊಡಗು ಬ್ರಿಟಿಷರ ಚೀಫ್ ಕಮಿಷನರರ ಆಡಳಿತಕ್ಕೆ ಸೇರಿದ ಪುಟ್ಟ ಪ್ರಾಂತ. ಕನ್ನಡದ ದೊಡ್ಡ ಮುದ್ರಣಾಲಯಗಳೂ ಪತ್ರಿಕೆಗಳೂ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿದ್ದುವು. ಅಂಥ ಕಡೆ ಇರುವ ಲೇಖಕಿಗೆ ಪತ್ರಿಕೆಯೂ ಪತ್ರವೂ ಬಿಟ್ಟರೆ ಸಾಹಿತ್ಯಲೋಕಕ್ಕೆ ಬೇರೆ ದಾರಿ ಇಲ್ಲ. ವಿಧವೆಯ ಸ್ಥಿತಿಯನ್ನೂ ಸಮಾಜದ ನ್ಯಾಯಾನ್ಯಾಯವನ್ನೂ ಕುರಿತು ದಿಟ್ಟವಾಗಿ ಬರೆದ ಅವರು ೧೯೩೯ರ ಏಪ್ರಿಲಿನಲ್ಲಿ ನದಿಯಲ್ಲಿ ಈಜಲಿಳಿದು ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. 'ಕಂಬನಿ', 'ಚಿಗುರು' ಎಂಬ ಅವರ ಎರಡು ಸಂಕಲನಗಳೂ ಪುಸ್ತಕವಾಗಿ ಬಂದುದು ಆಮೇಲೆ. ಸಾಹಿತ್ಯದ ಬಂಧುಗಳು ಇಲ್ಲದೆ ಹೋಗಿದ್ದರೆ ಆ ಕಥೆಗಳು ಹಳೆಯ ಪತ್ರಿಕೆಗಳ ನಡುವೆ ಉಳಿದುಬಿಡುತ್ತಿದ್ದುವು. ಹಿರಿತನವೆಂಬುದು ಕೇವಲ ಸೌಜನ್ಯವಲ್ಲ, ಕೆಲವು ವೇಳೆ ಒಂದು ಕೃತಿಯ ಅಳಿವು ಉಳಿವು ಅದನ್ನು ಅವಲಂಬಿಸಿರುತ್ತದೆ.

೪

ಈಗ ಕಾದಂಬರಿಗೆ ಬರೋಣ. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಹಾಲೇರಿ ವಂಶದ ಆಳ್ವಿಕೆ ಮುಗಿಯಿತು. ಚಿಕವೀರ ರಾಜೇಂದ್ರನು ಕಾಶಿಗೆ ಹೋದನು. ೧೮೫೨ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, ೧೮೫೯ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮಾಸ್ತಿಯವರು ಈ ರಾಜ್ಯನಾಶದ ಹಿಂದಿನ ಕೆಲವು ಕಾಲವನ್ನು ಆರಿಸಿಕೊಂಡಿದ್ದಾರೆ. ಕೃತಿಯಲ್ಲಿ ಯುದ್ಧ ಕಡಿಮೆ, ಮಾತುಕತೆ ಹೆಚ್ಚು. ಒಬ್ಬರು ಇನ್ನೊಬ್ಬರ ಮನೆಗೆ ಹೋಗುತ್ತಾರೆ, ಆಲೋಚಿಸುತ್ತಾರೆ, ಬುದ್ಧಿ ಹೇಳುತ್ತಾರೆ, ಹಿಂದಿರುಗುತ್ತಾರೆ. ಇದನ್ನು ಕಥನದ ನಿಧಾನವೆಂದು ದೂರುವುದಕ್ಕಿಂತ, ಕೃತಿಯ ವಸ್ತುವೇ ಇದೆಂದು ತಿಳಿಯುವುದು ಯುಕ್ತ. ಈ ಕಾದಂಬರಿ ಸಲಹೆಯ ದುರಂತ.

ರಾಜನಿಗೆ ಒಳ್ಳೆಯ ಮಾತು ಹೇಳುವವರ ಕೊರತೆಯೇ ಇಲ್ಲ. ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇದ್ದಾರೆ. ವೃದ್ಧನಾದ ದೀಕ್ಷಿತ ಇದ್ದಾನೆ. ಉತ್ತಯ್ಯ ತಕ್ಕನಂಥ ಹಿರಿಯ ಇದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ ರಾಣಿ ಗೌರಮ್ಮ ಇದ್ದಾಳೆ. ಊರಿನ, ದೇವಸ್ಥಾನದ ವ್ಯವಹಾರಗಳಲ್ಲಿ ತಕ್ಕನ ಮಾತಿಗೂ, ಒಕ್ಕದಲ್ಲಿ ಪಟ್ಟೇದಾರನ ಮಾತಿಗೂ ಮರ್ಯಾದೆ ಇರುವ ನಾಡು ಕೊಡಗು. ಹಿರಿಯರ ಮಾತನ್ನು ಕೇಳುವುದು ಅಲ್ಲಿಯ ಬಾಳಿನ ಕಟ್ಟಿನಲ್ಲಿಯೇ ಸೇರಿದೆ. ಅಂಥ ನಾಡಿನ ರಾಜನೊಬ್ಬನಿಗೆ ಮಾತ್ರ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಅವನ ಕಿವಿಯ ಬಳಿ ಇರುವವನು ಕುಂಟ ಬಸವ. ಚಿಕ್ಕಂದಿನಿಂದ ಜೊತೆಯಲ್ಲಿ ಬೆಳೆದ ಆಳು, ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನು, ಈಗ ಮಂತ್ರಿ.

ಬಸವನು ಸಲಹೆ ಕೊಡುವವನಲ್ಲ, ರಾಜನ ಇಷ್ಟವನ್ನು ನಡೆಸಿಕೊಡುವವನು. ಆದರೆ ಮಾಸ್ತಿಯವರು ಅವನನ್ನು ಬರಿಯ ದುಷ್ಟನಾಗಿ ಮಾಡಿಲ್ಲ. ಅವನು ಲಿಂಗರಾಜನಿಗೆ ಭಗವತಿಯಲ್ಲಿ ಹುಟ್ಟಿದ ಮಗ. ಎಂದರೆ ರಾಜನ ಒಡಹುಟ್ಟು. ಈ ಸಂಗತಿ ಕಥೆಯ ಬಹುಭಾಗದಲ್ಲಿ ಗುಟ್ಟಾಗಿಯೇ ಇರುತ್ತದೆ. ರಾಜನಿಗೆ ಸೋದರನೊಬ್ಬನು ಬಗಲಿನಲ್ಲಿಯೇ ಇದ್ದಾನೆ, ಆದರೆ ಸೋದರನ ಸ್ಥಾನದಲ್ಲಿ ಇಲ್ಲ. ಆಳಿನ ಸ್ಥಾನದಲ್ಲಿರುವವನಿಗೆ 'ಇದು ತಪ್ಪು' ಎಂದು ಹೇಳುವ ಅಧಿಕಾರವಿಲ್ಲ. ಸೋದರಭಾವದ ಪ್ರೀತಿಯಷ್ಟೂ ಅವನಲ್ಲಿದೆ. ಅದರ ಹೊಣೆ ಮಾತ್ರ ಇಲ್ಲ. ಹೊಣೆಯಿಲ್ಲದ ಪ್ರೀತಿ ಪಾಪಕ್ಕೆ ಜೊತೆಯಾಗುತ್ತದೆ.

ರಾಜನ ಮನೆಯಲ್ಲಿ ಬಂಧುತ್ವದ ಎಲ್ಲ ಮಾತುಗಳೂ ಹೀಗೆಯೇ ಅರ್ಥ ಕಳೆದುಕೊಂಡಿವೆ. ಒಡಹುಟ್ಟಿದ ದೇವಮ್ಮಾಜಿ ಅವನ ಸೆರೆಯವಳು. ಅವಳ ಗಂಡ ಚೆನ್ನಬಸವಯ್ಯ ಅವನ ಶತ್ರು. ಅವರ ಕೂಸು ಅವನ ಕೈಯಿಂದಲೇ ಸಾಯುತ್ತದೆ. ಅಣ್ಣ, ತಂಗಿ, ಭಾವ ಎಂಬ ಸಂಬಂಧಗಳು ಸಿಂಹಾಸನದ ಲೆಕ್ಕಾಚಾರದಲ್ಲಿ ಕರಗಿಹೋದ ಮೇಲೆ ಅವನಿಗೆ ಬುದ್ಧಿ ಹೇಳಬಲ್ಲ ಸ್ಥಾನದಲ್ಲಿ ಯಾರೂ ಉಳಿಯುವುದಿಲ್ಲ. ಸಾಹಿತ್ಯಲೋಕದಲ್ಲಿ ತಾವೇ ಅಣ್ಣನ ಸ್ಥಾನದಲ್ಲಿ ನಿಂತಿದ್ದ ಲೇಖಕರು, ಆ ಸ್ಥಾನವೇ ಖಾಲಿಯಾದ ಒಂದು ಮನೆಯ ಕಥೆಯನ್ನು ಬರೆದಿದ್ದಾರೆ. ಇದನ್ನು ಆಕಸ್ಮಿಕವೆಂದು ನಾವು ತಿಳಿಯಲಾರೆವು.

ರಾಜನ ಬಗೆಗೆ ಕೃತಿ ತಾಳುವ ಮನೋಭಾವವೂ ಇದಕ್ಕೆ ಹೊಂದುತ್ತದೆ. ಅವನ ಕ್ರೌರ್ಯವನ್ನು ಮರೆಮಾಡಿಲ್ಲ. ಆದರೂ ಅವನನ್ನು ಧಿಕ್ಕರಿಸುವ ಧ್ವನಿ ಕಥನದಲ್ಲಿ ಎಲ್ಲಿಯೂ ಏಳುವುದಿಲ್ಲ. ಮಂಗಮ್ಮನ ಮಾತನ್ನು ಕೇಳಿದ ಕಿವಿಯೇ ಈ ರಾಜನ ಮಾತನ್ನೂ ಕೇಳುತ್ತದೆ. ಷೇಕ್ಸ್‌ಪಿಯರನ ನಾಟಕವನ್ನು 'ಲಿಯರ್ ಮಹಾರಾಜ' ಎಂದು ಕನ್ನಡಕ್ಕೆ ತಂದವರೂ ಮಾಸ್ತಿಯವರೇ. ಲಿಯರನೂ ಹಿತವಚನವನ್ನು ಕೇಳದ ರಾಜ. ಆದರೆ ಅವನಿಗೆ ಕಷ್ಟದಲ್ಲಿ ಕಣ್ಣು ತೆರೆಯುತ್ತದೆ. ಚಿಕವೀರ ರಾಜೇಂದ್ರನಿಗೆ ಆ ಭಾಗ್ಯವನ್ನು ಮಾಸ್ತಿಯವರು ಅಷ್ಟು ಸುಲಭವಾಗಿ ಕೊಡುವುದಿಲ್ಲ. ಕೇಳುವ ಅಭ್ಯಾಸವನ್ನು ಕಳೆದುಕೊಂಡವನು ಕಷ್ಟದಿಂದಲೂ ಕಲಿಯುವುದು ದುಸ್ಸಾಧ್ಯ.

೫

ಕೃತಿಯ ಅತ್ಯಂತ ಜಟಿಲವಾದ ಪಾತ್ರ ರಾಜನಲ್ಲ, ಬೋಪಣ್ಣ. ಅವನು ಕೊಡವರ ಮುಖಂಡ, ಸತ್ಯವಂತ, ನಾಡಿನ ಹಿತವನ್ನು ಬಯಸುವವನು. ಅವನ ಮಾತು ರಾಜನಲ್ಲಿ ನಡೆಯುವುದಿಲ್ಲ. ಕೊನೆಗೆ ಅವನು ಸಲಹೆಯನ್ನು ಬಿಟ್ಟು ಕಾರ್ಯಕ್ಕೆ ತೊಡಗುತ್ತಾನೆ. ಇಂಗ್ಲಿಷರು ನಾಡಿಗೆ ಬರುವುದಕ್ಕೆ ದಾರಿಯಾಗುತ್ತಾನೆ. ಇತಿಹಾಸದಲ್ಲಿಯೂ ದಿವಾನ ಬೋಪು ಕಂಪೆನಿಯವರನ್ನು ಎದುರುಗೊಂಡವನೇ.

ಬೋಪಣ್ಣ ಮಾಡಿದುದು ಸರಿಯೆ? ಕಾದಂಬರಿ ಈ ಪ್ರಶ್ನೆಯನ್ನು ಎತ್ತಿ, ಉತ್ತರವನ್ನು ಓದುಗರಿಗೆ ಬಿಡುತ್ತದೆ. ಪ್ರಜೆಗಳು ಒಬ್ಬ ಕ್ರೂರಿಯಿಂದ ಬಿಡುಗಡೆ ಹೊಂದಿದರು. ನಾಡು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಈ ಎರಡನ್ನೂ ಒಂದೇ ಕೈ ಮಾಡಿತು. ಬುದ್ಧಿ ಹೇಳುವವನು ತನ್ನ ಮಾತು ನಡೆಯದಾಗ ಏನು ಮಾಡಬೇಕು ಎಂಬ ಧರ್ಮಸೂಕ್ಷ್ಮ ಇಲ್ಲಿದೆ. ಸುಮ್ಮನಿದ್ದರೆ ಅನ್ಯಾಯಕ್ಕೆ ಪಾಲುಗಾರನಾದ ಹಾಗೆ. ಕೈಹಾಕಿದರೆ ಇನ್ನೊಬ್ಬನದಾದುದನ್ನು ಅವನಿಂದ ಕಿತ್ತುಕೊಂಡ ಹಾಗೆ.

ಇದೇ ಸಂಕಟ, ಚಿಕ್ಕ ಪ್ರಮಾಣದಲ್ಲಿ, ಕಿರಿಯರ ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದ ಪ್ರತಿಯೊಬ್ಬ ಹಿರಿಯನಿಗೂ ಎದುರಾಗುತ್ತದೆ. ತಪ್ಪನ್ನು ತೋರಿಸಬಹುದು; ತೋರಿಸಿದುದು ನಡೆಯದಿದ್ದರೆ? ಲೇಖನಿಯನ್ನು ತಾನೇ ತೆಗೆದುಕೊಂಡು ಬರೆದುಕೊಟ್ಟರೆ ಕಥೆ ಉತ್ತಮವಾಗಬಹುದು, ಆದರೆ ಅದು ಆ ಕಿರಿಯನ ಕಥೆಯಾಗಿ ಉಳಿಯುವುದಿಲ್ಲ. ರಾಜ್ಯದ ವಿಷಯದಲ್ಲಿ ಬೋಪಣ್ಣನ ಕಾರ್ಯಕ್ಕೆ ಸಮರ್ಥನೆ ಇದೆ, ಏಕೆಂದರೆ ಅಲ್ಲಿ ಜೀವಗಳ ಪ್ರಶ್ನೆ ಇತ್ತು. ಸಾಹಿತ್ಯದ ವಿಷಯದಲ್ಲಿ ಆ ಸಮರ್ಥನೆ ಇಲ್ಲ. ಮಾಸ್ತಿಯವರು ತಮ್ಮ ಹಿರಿತನವನ್ನು ಸಲಹೆಯ ಗಡಿಯೊಳಗೇ ಇಟ್ಟುಕೊಂಡುದರ ಬೆಲೆ ಈ ಹೋಲಿಕೆಯಿಂದ ತಿಳಿಯುತ್ತದೆ.

೬

ಈ ಮನೋಧರ್ಮಕ್ಕೆ ಮಿತಿಗಳಿಲ್ಲವೆಂದು ನಾವು ಹೇಳುವುದಿಲ್ಲ. ಎರಡು ಆಕ್ಷೇಪಗಳನ್ನು ಇಲ್ಲಿ ಪರಿಶೀಲಿಸಬೇಕು.

ಮೊದಲನೆಯದು ಇತಿಹಾಸಕ್ಕೆ ಸಂಬಂಧಪಟ್ಟುದು. ಚಿಕವೀರ ರಾಜೇಂದ್ರನ ಕ್ರೌರ್ಯದ ವಿವರಗಳು ನಮಗೆ ಬಹುಮಟ್ಟಿಗೆ ಅವನನ್ನು ಪದಚ್ಯುತಗೊಳಿಸಿದವರ ಬರಹಗಳ ಮೂಲಕ ಬಂದಿವೆ. ರಾಜ್ಯವನ್ನು ಕಸಿದುಕೊಂಡವರಿಗೆ ರಾಜನು ದುಷ್ಟನಾಗಿರುವುದು ಬೇಕಾಗಿತ್ತು. ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳುವ ಕಥೆಗಾರನು, ಆ ಮಾತುಗಳಲ್ಲಿ ಯಾವುದು ಗೆದ್ದವನ ಮಾತು ಎಂಬುದನ್ನೂ ವಿಚಾರಿಸಬೇಡವೆ? ಈ ಆಕ್ಷೇಪದಲ್ಲಿ ಸತ್ತ್ವವಿದೆ. ಮಾಸ್ತಿಯವರು ಇಂಗ್ಲಿಷರ ಆಸೆಯನ್ನೂ ಉಪಾಯವನ್ನೂ ಬಿಟ್ಟುಬಿಟ್ಟಿಲ್ಲ. ಆದರೆ ಅವರ ನೋಟ ಮುಖ್ಯವಾಗಿ ಒಳಗಿನ ಕುಸಿತದ ಮೇಲೆ ನೆಟ್ಟಿದೆ. ಮನೆ ಒಳಗಿನಿಂದ ಹಾಳಾಗದೆ ಹೊರಗಿನವನು ಒಳಗೆ ಬರಲಾರನು ಎಂಬುದು ಅವರ ನಂಬಿಕೆ. ಅದು ಸತ್ಯದ ಒಂದು ಭಾಗ ಮಾತ್ರ.

ಎರಡನೆಯ ಆಕ್ಷೇಪ ಸಾಮಾನ್ಯ ಜನಕ್ಕೆ ಸಂಬಂಧಪಟ್ಟುದು. ಸಲಹೆಯ ಕಾದಂಬರಿಯಲ್ಲಿ ಮಾತನಾಡುವವರು ಸಲಹೆ ಕೊಡುವ ಯೋಗ್ಯತೆಯುಳ್ಳ ಹಿರಿಯರು. ಗದ್ದೆಯಲ್ಲಿ ದುಡಿಯುವವನಿಗೆ ರಾಜ್ಯ ಕೈಬದಲಾದುದು ಹೇಗೆ ಕಂಡಿತು? ಈ ಪ್ರಶ್ನೆಗೆ ಅದೇ ದಶಕದಲ್ಲಿ ಬಂದ ನಿರಂಜನರ 'ಕಲ್ಯಾಣಸ್ವಾಮಿ' ಇನ್ನೊಂದು ಉತ್ತರ ಕೊಟ್ಟಿತು. ೧೮೩೪ರ ಅನಂತರ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲಿ ಕೇಳಿದರು. ೧೮೩೭ರಲ್ಲಿ ರೈತರು ಹಾಲೇರಿಯ ಹೆಸರು ಹಿಡಿದು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. ಮಾಸ್ತಿಯವರ ಕಾದಂಬರಿ ಮುಗಿಯುವ ಕಾಲದಿಂದ ನಿರಂಜನರ ಕಾದಂಬರಿ ಮುಂದುವರಿಯುತ್ತದೆ. ಕೆಡುಕನಾದ ರಾಜನ ಮನೆತನವನ್ನೇ ಜನ ಮತ್ತೆ ಬಯಸಿದರೆಂಬ ವಿಚಿತ್ರವನ್ನು ನಮ್ಮ ಮುಂದೆ ಇಡುತ್ತದೆ. ಎರಡನ್ನೂ ಜೊತೆಯಾಗಿ ಓದಿದವರಿಗೆ ಮಾತ್ರ ಕೊಡಗಿನ ಆ ದಶಕದ ಪೂರ್ಣ ಚಿತ್ರ ದೊರೆಯುತ್ತದೆ.

ನಿರಂಜನರು ಬೆಳೆದುದು ಬೇರೊಂದು ಬಗೆಯ ಹಿರಿತನದ ವಾತಾವರಣದಲ್ಲಿ ಎಂಬುದನ್ನೂ ಗಮನಿಸಬೇಕು. ಅ. ನ. ಕೃಷ್ಣರಾಯರ ಸುತ್ತ ಸೇರಿದ ಪ್ರಗತಿಶೀಲ ಲೇಖಕರಲ್ಲಿ ತ. ರಾ. ಸುಬ್ಬರಾಯರೂ ಬಸವರಾಜ ಕಟ್ಟೀಮನಿಯವರೂ ನಿರಂಜನರೂ ಇದ್ದರು. ಅಲ್ಲಿ ಒಂದು ಧ್ಯೇಯವಿತ್ತು, ಚಳವಳಿಯಿತ್ತು. ಧ್ಯೇಯವು ಲೇಖಕನಿಗೆ ತಾನಾಗಿ ಕಾಣದಿದ್ದ ಜನರನ್ನು ಕಾಣಿಸಿಕೊಡುತ್ತದೆ. ಇದು ಅಣ್ಣತನ ಕೊಡಲಾರದ ಲಾಭ. ಆದರೆ ಧ್ಯೇಯವು ಕೆಲವು ವೇಳೆ ಎಲ್ಲರಿಂದಲೂ ಒಂದೇ ಧಾಟಿಯಲ್ಲಿ ಬರೆಯಿಸುತ್ತದೆ. ಈ ಅಪಾಯ ಅಣ್ಣತನದಲ್ಲಿ ಇಲ್ಲ. ಒಂದು ಸಾಹಿತ್ಯಕ್ಕೆ ಎರಡು ಬಗೆಯ ಹಿರಿಯರೂ ಬೇಕು.

೭

'ಚಿಕವೀರ ರಾಜೇಂದ್ರ' ಪ್ರಕಟವಾದ ೧೯೫೬ರಲ್ಲಿಯೇ, ನವೆಂಬರ್ ೧ರಂದು, ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ತನ್ನ ರಾಜ್ಯ ಹೋದ ಕಥೆಯನ್ನು ಕನ್ನಡದ ದೊಡ್ಡ ಕಥೆಗಾರರೊಬ್ಬರು ಹೇಳಿದ ವರ್ಷವೇ ಆ ನಾಡು ಕನ್ನಡದ ದೊಡ್ಡ ಮನೆಯೊಳಕ್ಕೆ ಬಂತು. ಬಂದವರ ಮಾತನ್ನು ಆ ಮನೆಯ ಹಿರಿಯರು ಕೇಳುವರೆ, ಇಲ್ಲವೆ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಕೃತಿಗೆ ೧೯೮೩ರ ಜ್ಞಾನಪೀಠ ಪ್ರಶಸ್ತಿಯ ಗೌರವ ಬಂದಾಗ ಮಾಸ್ತಿಯವರಿಗೆ ತೊಂಬತ್ತು ದಾಟಿತ್ತು. ೧೯೮೬ರಲ್ಲಿ, ಹುಟ್ಟಿದ ದಿನವಾದ ಜೂನ್ ೬ರಂದೇ, ಅವರು ತೀರಿಕೊಂಡರು.

ಇಂದು ಕಾಲೇಜಿನ ಅಧ್ಯಾಪಕರ ಮೇಜಿನ ಮೇಲೆ ಪ್ರತಿವರ್ಷವೂ ಒಂದೆರಡು ಹಸ್ತಪ್ರತಿಗಳು ಸಂಕೋಚದಿಂದ ಬಂದು ಕುಳಿತುಕೊಳ್ಳುತ್ತವೆ. ಅವನ್ನು ಮೆಚ್ಚಿ ಕಳುಹಿಸುವುದು ಸುಲಭ. ನಮ್ಮಂತೆ ತಿದ್ದಿಬಿಡುವುದೂ ಸುಲಭ. ಓದಿ, ತಪ್ಪನ್ನು ತಪ್ಪೆಂದು ಹೇಳಿ, ಅನಂತರ ಲೇಖನಿಯನ್ನು ಬರೆದವನ ಕೈಗೇ ಹಿಂದಿರುಗಿಸುವುದು ಕಷ್ಟ. ಆ ಹಸ್ತಪ್ರತಿಗಳಲ್ಲೊಂದು ಯಾವುದೋ ತೋಟದ ಮನೆಯಲ್ಲಿ ಒಂಟಿಯಾಗಿ ಬರೆಯುತ್ತಿರುವ ಇನ್ನೊಬ್ಬ ಗೌರಮ್ಮನದಾಗಿರಬಹುದು.